ಆರೈಕೆ ಮಾಡುವವರ ಆರೈಕೆ ಯಾರು ಮಾಡಬೇಕು?

ಪ್ರತಿ ತಿಂಗಳ ಮೊದಲ ಶುಕ್ರವಾರ ಧರ್ಮಕೇಂದ್ರದ ಗುರುಗಳು ಮನೆಗಳಿಗೆ ತೆರಳಿ, ಇಗರ್ಜಿಗೆ ಬರಲಾಗದ ರೋಗಿಗಳಿಗೂ ವೃದ್ಧರಿಗೂ ಪರಮಪ್ರಸಾದ ನೀಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಂದು ಆ ಮನೆಯ ಅಂಗಳ ಬೇಗನೆ ಗುಡಿಸಲ್ಪಡುತ್ತದೆ. ರೋಗಿಯ ಮಂಚದ ಬದಿಯ ಮೇಜಿನ ಮೇಲೆ ಬಿಳಿಯ ವಸ್ತ್ರ ಹಾಸಿ, ಶಿಲುಬೆಯನ್ನೂ ಎರಡು ಮೇಣದ ಬತ್ತಿಗಳನ್ನೂ ಇರಿಸಲಾಗುತ್ತದೆ. ಗುರುಗಳು ರೋಗಿಯ ಕುಶಲ ವಿಚಾರಿಸುತ್ತಾರೆ, ತಲೆಯ ಮೇಲೆ ಕೈಯಿರಿಸಿ ಆಶೀರ್ವದಿಸುತ್ತಾರೆ. ಬಾಗಿಲು ತೆರೆದಾಕೆ, ಬತ್ತಿ ಹಚ್ಚಿದಾಕೆ, ರೋಗಿಯನ್ನು ಎತ್ತಿ ಕುಳ್ಳಿರಿಸಿದಾಕೆ ಗೋಡೆಗೊರಗಿ ನಿಂತಿರುತ್ತಾಳೆ. ಆಕೆಯ ಕುಶಲವನ್ನು ವಿಚಾರಿಸುವವರು ವಿರಳ.

ಗುರುಗಳೊಂದಿಗೆ ಇಂತಹ ಭೇಟಿಗಳಿಗೆ ಹೋಗುವ ಅವಕಾಶ ಈ ಲೇಖಕನಿಗೆ ಕೆಲವು ವರ್ಷಗಳಿಂದ ದೊರೆತಿದೆ. ಕರಾವಳಿಯ ಹಳ್ಳಿಯೊಂದರ ಒಂದು ಮನೆಯಲ್ಲಿ ಕಂಡ ಸಂಗತಿಯೇ ಈ ಬರಹಕ್ಕೆ ಕಾರಣ. ಅಲ್ಲಿ ಎಂಬತ್ತಾರರ ವೃದ್ಧೆಯೊಬ್ಬರು ಪಾರ್ಶ್ವವಾಯುವಿಗೆ ತುತ್ತಾಗಿ ಏಳು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಮೂವರು ಗಂಡುಮಕ್ಕಳಲ್ಲಿ ಹಿರಿಯನು ಕುವೈತ್‌ನಲ್ಲಿ, ಒಬ್ಬನು ಮುಂಬಯಿಯಲ್ಲಿ, ಇನ್ನೊಬ್ಬನು ಕೆನಡಾದಲ್ಲಿ. ಮನೆಯಲ್ಲಿರುವುದು ಹಿರಿಯ ಸೊಸೆಯೊಬ್ಬಳೇ, ವಯಸ್ಸು ಐವತ್ತನಾಲ್ಕು. ಏಳು ವರ್ಷಗಳಲ್ಲಿ ಅತ್ತೆಗೆ ಒಂದೇ ಒಂದು ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡವಳು ಆಕೆ. ಇದು ಎಷ್ಟು ದೊಡ್ಡ ಸಾಧನೆಯೆಂಬುದು ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೇ ಗೊತ್ತು.

ಒಂದು ಮೊದಲ ಶುಕ್ರವಾರ ಆಕೆಯ ಮುಂಗೈಗೆ ಬಟ್ಟೆ ಸುತ್ತಿತ್ತು. ಕುಚ್ಚಲಕ್ಕಿ ಅನ್ನದ ಗಂಜಿ ಬಸಿಯುವಾಗ ಬಿಸಿ ತಿಳಿ ಬಿದ್ದು ಸುಟ್ಟಿತಂತೆ. ಮುಂದಿನ ತಿಂಗಳು ಹೋದಾಗಲೂ ಬಟ್ಟೆ ಹಾಗೆಯೇ ಇತ್ತು. ಗುರುಗಳ ಒತ್ತಾಯಕ್ಕೆ ಮಣಿದು ಆಕೆ ವೈದ್ಯರ ಬಳಿಗೆ ಹೋದಳು. ಸಕ್ಕರೆ ಕಾಯಿಲೆಯಿರಬಹುದೆಂದು ಎಲ್ಲರೂ ಊಹಿಸಿದ್ದರು. ರಕ್ತದಲ್ಲಿ ಸಕ್ಕರೆ ಹೆಚ್ಚಿರಲಿಲ್ಲ. ಆದರೆ ರಕ್ತದೊತ್ತಡ 168/102 ಇತ್ತು. ಕೊನೆಯ ಬಾರಿ ಅದನ್ನು ಪರೀಕ್ಷಿಸಿದ್ದು ಯಾವಾಗ ಎಂದು ವೈದ್ಯರು ಕೇಳಿದರು. ಆಕೆಗೆ ನೆನಪಿರಲಿಲ್ಲ. ಅತ್ತೆಯ ರಕ್ತದೊತ್ತಡವನ್ನು ಮಾತ್ರ ವಾರವಾರವೂ ಪುಸ್ತಕವೊಂದರಲ್ಲಿ ಬರೆದಿಟ್ಟಿದ್ದಳು.

“ರಾತ್ರಿ ಎಷ್ಟು ಗಂಟೆ ನಿದ್ರಿಸುತ್ತೀರಿ?” ಎಂಬ ಪ್ರಶ್ನೆಗೆ ಆಕೆ, “ಮಾಂಯ್ ಮೂರು ಸಲ ಕರೆಯುತ್ತಾರೆ ಡಾಕ್ಟ್ರೇ. ಕರೆಯದ ರಾತ್ರಿ, ಯಾಕೆ ಕರೆಯಲಿಲ್ಲವೆಂದು ಎದ್ದು ನೋಡುತ್ತೇನೆ” ಎಂದು ಉತ್ತರಿಸಿದಳಂತೆ.

ಹೋಗದೆ ನಿಂತ ಹಾವು

ಸಂಜೆಗತ್ತಲಲ್ಲಿ ತೋಟದ ದಾರಿಯಲ್ಲಿ ನಡೆಯುತ್ತಿರುವವನ ಕಾಲ ಬಳಿ ಹಾವೊಂದು ಸರಿದುಹೋಯಿತೆನ್ನೋಣ. ಬುದ್ಧಿ ಯೋಚಿಸುವ ಮೊದಲೇ ಶರೀರ ಸಿದ್ಧವಾಗಿರುತ್ತದೆ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗದಿಂದ ಹೊರಟ ಸೂಚನೆ, ಮೂತ್ರಪಿಂಡಗಳ ಮೇಲೆ ಟೊಪ್ಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ತಲುಪುತ್ತದೆ. ಅಲ್ಲಿಂದ ಮೊದಲು ಅಡ್ರಿನಲಿನ್, ಅದರ ಹಿಂದೆಯೇ ಕಾರ್ಟಿಸಾಲ್ ಎಂಬ ರಸದೂತಗಳು ರಕ್ತವನ್ನು ಸೇರುತ್ತವೆ. ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಯಕೃತ್ತು ಸಂಗ್ರಹಿಸಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ, ಜೀರ್ಣಕ್ರಿಯೆ ತಾತ್ಕಾಲಿಕವಾಗಿ ಹಿಂದೆ ಸರಿಯುತ್ತದೆ. ಓಡಲು ಅಥವಾ ಹೋರಾಡಲು ಬೇಕಾದ ಈ ಸಿದ್ಧತೆಯನ್ನು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ಹಾವು ಹೊದರಿನೊಳಗೆ ಮರೆಯಾಗುತ್ತದೆ. ಸ್ವಲ್ಪ ಹೊತ್ತಿಗೆ ಶರೀರವೂ ತನ್ನ ಸಹಜ ಸ್ಥಿತಿಗೆ ಮರಳುತ್ತದೆ. ದೇವರು ನಮ್ಮ ರಕ್ಷಣೆಗಾಗಿಯೇ ಇಟ್ಟ ವ್ಯವಸ್ಥೆಯಿದು, ಇದರಲ್ಲಿ ಕೇಡಿಲ್ಲ.

ಆದರೆ ಹಾವು ಹೋಗದಿದ್ದರೆ? ಪಕ್ಕದ ಕೋಣೆಯಿಂದ ಯಾವ ಕ್ಷಣದಲ್ಲಾದರೂ ಕರೆ ಬರಬಹುದೆಂದು ಕಿವಿ ತೆರೆದುಕೊಂಡೇ ಮಲಗುವವರ ಪಾಲಿಗೆ ಹಾವು ಹೋಗುವುದೇ ಇಲ್ಲ. ಒಂದು ಗಂಟೆಗೆಂದು ಇದ್ದ ಸಿದ್ಧತೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಏರಿದ ರಕ್ತದೊತ್ತಡ ಇಳಿಯಲು ಮರೆಯುತ್ತದೆ, ರಕ್ತದ ಸಕ್ಕರೆಯ ಹಿಡಿತ ತಪ್ಪುತ್ತದೆ, ಸೊಂಟದ ಸುತ್ತ ಕೊಬ್ಬು ಸೇರುತ್ತದೆ, ನಿದ್ರೆ ತೆಳುವಾಗುತ್ತದೆ, ಮರೆವು, ಸಿಡುಕು, ತಲೆನೋವು, ಬೆನ್ನುನೋವುಗಳು ಮನೆಯವರಂತೆ ಜೊತೆಗಿರತೊಡಗುತ್ತವೆ. ಗಾಯ ಮಾಯುವ ಮತ್ತು ಸೋಂಕನ್ನು ಎದುರಿಸುವ ಶಕ್ತಿಯೂ ಕುಗ್ಗುತ್ತದೆ. ವಿಯೆನ್ನಾದಲ್ಲಿ ಜನಿಸಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸಂಶೋಧನೆ ನಡೆಸಿದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ಇದರ ಮೊದಲ ಚಿತ್ರವನ್ನು ನೀಡಿದರು. ಚಳಿ, ಗಾಯ, ವಿಷ ಹೀಗೆ ಕಾರಣ ಯಾವುದೇ ಇರಲಿ, ದೀರ್ಘಕಾಲ ಪೀಡಿತವಾದ ಇಲಿಗಳ ಅಡ್ರಿನಲ್ ಗ್ರಂಥಿಗಳು ಊದಿದ್ದವು, ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಗ್ರಂಥಿ ಕುಗ್ಗಿತ್ತು, ಜಠರದಲ್ಲಿ ಹುಣ್ಣುಗಳಾಗಿದ್ದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಎಲ್ಲ ರೋಗಗಳನ್ನೂ ಚಿಂತೆಯ ಲೆಕ್ಕಕ್ಕೆ ಬರೆಯುವ ಅಭ್ಯಾಸ ಒಳ್ಳೆಯದಲ್ಲ. ಹೊಟ್ಟೆಯ ಹುಣ್ಣು ಚಿಂತೆಯಿಂದಲೇ ಬರುತ್ತದೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1980ರ ದಶಕದಲ್ಲಿ ಅದರ ಹಿಂದೆ ಬಹುಮಟ್ಟಿಗೆ ಒಂದು ಬ್ಯಾಕ್ಟೀರಿಯ ಇರುವುದನ್ನು ತೋರಿಸಿಕೊಟ್ಟರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆದುದರಿಂದ “ಎಲ್ಲಾ ಟೆನ್ಶನ್” ಎಂದು ಕೈಚೆಲ್ಲಿ ಕುಳಿತುಕೊಳ್ಳದೆ ವೈದ್ಯರಿಗೆ ತೋರಿಸಲೇಬೇಕು.

ಹತ್ತು ದಿನ ತಡವಾಗಿ ಮಾಯುವ ಗಾಯ

ಆ ತಾಯಿಯ ಮುಂಗೈಯ ಗಾಯ ನೋಡಿದಾಗ ನೆನಪಿಗೆ ಬಂದುದು 1995ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆಗುಳಿ ರೋಗಕ್ಕೆ ತುತ್ತಾದ ಬಂಧುಗಳನ್ನು ಮನೆಯಲ್ಲಿ ಆರೈಕೆ ಮಾಡುತ್ತಿದ್ದ 13 ಮಹಿಳೆಯರನ್ನೂ, ಅದೇ ವಯಸ್ಸಿನ, ಅದೇ ಆದಾಯದ, ಆದರೆ ಅಂತಹ ಹೊಣೆಯಿಲ್ಲದ 13 ಮಹಿಳೆಯರನ್ನೂ ಆರಿಸಿಕೊಂಡರು. ಎಲ್ಲರ ಒಪ್ಪಿಗೆ ಪಡೆದು ತೋಳಿನ ಚರ್ಮದಲ್ಲಿ 3.5 ಮಿಲಿಮೀಟರಿನ ಒಂದೇ ಅಳತೆಯ ಸಣ್ಣ ಗಾಯ ಮಾಡಿ, ಅದು ಮಾಯುವುದನ್ನು ಗಮನಿಸಿದರು. ಹೊಣೆಯಿಲ್ಲದವರ ಗಾಯ ಸರಾಸರಿ 39 ದಿನಗಳಲ್ಲಿ ಮಾಯಿತು. ಆರೈಕೆ ಮಾಡುತ್ತಿದ್ದವರ ಗಾಯ ಮಾಯಲು ಸುಮಾರು 49 ದಿನಗಳು ಹಿಡಿದವು. ಅಧ್ಯಯನ ಚಿಕ್ಕದೇ ಸರಿ. ಆದರೆ ಮನಸ್ಸಿನ ಭಾರ ಚರ್ಮದ ಮೇಲೆ, ದಿನಗಳ ಲೆಕ್ಕದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಂಡುದು ವೈದ್ಯ ಲೋಕದ ಗಮನ ಸೆಳೆಯಿತು. ಮರುವರ್ಷ ಇದೇ ತಂಡದವರು, ಇಂತಹ ಆರೈಕೆದಾರರ ಶರೀರ ಫ್ಲೂ ಲಸಿಕೆಗೂ ದುರ್ಬಲವಾಗಿ ಸ್ಪಂದಿಸುವುದನ್ನು ವರದಿ ಮಾಡಿದರು.

ಅಮೆರಿಕದ ಮಾತು ನಮಗೇಕೆ ಎನ್ನುವವರಿಗೆ, 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನವನ್ನು ತೋರಿಸಬಹುದು. 52 ದೇಶಗಳಲ್ಲಿ ನಡೆದ ಈ ಅಧ್ಯಯನದಲ್ಲಿ ಭಾರತವೂ ಸೇರಿತ್ತು. ನಮ್ಮ ಧರ್ಮಾಧ್ಯಕ್ಷರ ಮಂಡಳಿಯ ಆಶ್ರಯದಲ್ಲಿ 1963ರಲ್ಲಿ ಆರಂಭವಾದ ಬೆಂಗಳೂರಿನ ಸಂತ ಯೊವಾನ್ನರ ವೈದ್ಯಕೀಯ ಕಾಲೇಜಿನ ವೈದ್ಯರೂ ಅದರಲ್ಲಿ ಭಾಗಿಗಳಾಗಿದ್ದರು. ಮೊದಲ ಬಾರಿ ಹೃದಯಾಘಾತಕ್ಕೆ ಒಳಗಾದ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಆರೋಗ್ಯವಂತರೊಂದಿಗೆ ಹೋಲಿಸಿದಾಗ, ಮನೆಯಲ್ಲಾಗಲಿ ಕೆಲಸದಲ್ಲಾಗಲಿ ಸದಾಕಾಲ ಒತ್ತಡದಲ್ಲಿದ್ದೆವು ಎಂದವರಲ್ಲಿ ಅಪಾಯ ಒತ್ತಡವಿಲ್ಲದವರಿಗಿಂತ ಸುಮಾರು ಇಮ್ಮಡಿಯಾಗಿತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿನಲ್ಲಿ, ಅಂದರೆ ಇತರರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂಬುದೂ ಇದೇ ಅಧ್ಯಯನದಿಂದ ತಿಳಿದುಬಂದಿತು. ನಮ್ಮ ಮನೆಗಳಲ್ಲಿ ವೃದ್ಧ ತಂದೆತಾಯಿಯರ ಆರೈಕೆಯ ಭಾರ ಹೆಗಲೇರುವುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ.

ಹಾಗಾದರೆ ಆರೈಕೆಯೇ ಆಯುಷ್ಯವನ್ನು ಕಡಿಮೆ ಮಾಡುತ್ತದೆಯೇ? ಈ ಪ್ರಶ್ನೆಗೆ ದೊರೆತ ಉತ್ತರ ಗಮನಾರ್ಹ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಎಂಬವರು ಬಾಳಸಂಗಾತಿಯನ್ನು ನೋಡಿಕೊಳ್ಳುತ್ತಿದ್ದ ವೃದ್ಧರನ್ನು ನಾಲ್ಕು ವರ್ಷ ಗಮನಿಸಿ 1999ರಲ್ಲಿ ವರದಿಯಿತ್ತರು. ಆರೈಕೆ ಮಾಡುತ್ತಾ ಬಳಲಿಕೆಯನ್ನು ಅನುಭವಿಸುತ್ತಿದ್ದವರಲ್ಲಿ ಮರಣದ ಅಪಾಯ, ಆರೈಕೆಯ ಹೊಣೆಯಿಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚಾಗಿತ್ತು. ಆದರೆ ಅದೇ ಆರೈಕೆಯನ್ನು ಬಳಲದೆ ಮಾಡುತ್ತಿದ್ದವರಲ್ಲಿ ಅಂತಹ ಹೆಚ್ಚಳ ಕಂಡುಬರಲಿಲ್ಲ. 2013ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನವಂತೂ, ಒಟ್ಟಾರೆಯಾಗಿ ನೋಡಿದರೆ ಆರೈಕೆ ಮಾಡುವವರೇ ತುಸು ಹೆಚ್ಚು ಕಾಲ ಬದುಕುತ್ತಾರೆಂದು ಕಂಡಿತು. ಸೇವೆ ಮನುಷ್ಯನನ್ನು ಸವೆಸುವುದಿಲ್ಲ. ಬಿಡುವಿಲ್ಲದ, ಕೈಬದಲಿಲ್ಲದ, ಯಾರೂ ಕೇಳದ ಸೇವೆ ಸವೆಸುತ್ತದೆ.

ಜಾಲಿಮರದ ಕೆಳಗಿನ ಪ್ರವಾದಿ

ಈ ವಿಷಯದಲ್ಲಿ ನಾವು ಕ್ರೈಸ್ತರು ನಮ್ಮನ್ನೇ ಪರೀಕ್ಷಿಸಿಕೊಳ್ಳಬೇಕಾಗಿದೆ. ಬಳಲಿದವರನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು, “ದೇವರಿಗೆ ಒಪ್ಪಿಸಿಬಿಡಿ; ಪರಲೋಕದಲ್ಲಿ ಪ್ರತಿಫಲವಿದೆ” ಎಂಬುದು. ಮಾತು ಸುಳ್ಳಲ್ಲ. ಆದರೆ ಆ ಮಾತನ್ನು ಹೇಳಿ ನಾವು ಮನೆಗೆ ಬಂದು ನಿದ್ರಿಸುತ್ತೇವೆ, ಕೇಳಿದಾಕೆ ಮತ್ತೆ ಮೂರು ಸಲ ಏಳುತ್ತಾಳೆ. ಪವಿತ್ರ ಬೈಬಲಿನ ಅರಸುಗಳ ಮೊದಲನೆಯ ಗ್ರಂಥದಲ್ಲಿ ಪ್ರವಾದಿ ಎಲೀಯನ ಪ್ರಸಂಗವಿದೆ. ರಾಣಿ ಈಜೆಬೆಲಳ ಕೋಪಕ್ಕೆ ಹೆದರಿ ಅರಣ್ಯಕ್ಕೆ ಓಡಿಹೋದ ಆತ ಮರವೊಂದರ ಕೆಳಗೆ ಕುಳಿತು, ಇನ್ನು ಸಾಕು, ಪ್ರಾಣವನ್ನು ತೆಗೆದುಕೊ ಎಂದು ದೇವರನ್ನು ಬೇಡುತ್ತಾನೆ. ದೇವದೂತನು ಬಂದು ಉಪದೇಶ ಮಾಡಲಿಲ್ಲ, ವಿಶ್ವಾಸ ಸಾಲದೆಂದು ಗದರಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತಲೆಯ ಬಳಿ ಇಟ್ಟು, ತಟ್ಟಿ ಎಬ್ಬಿಸಿ ತಿನ್ನಿಸಿದನು. ಎಲೀಯನು ತಿಂದು ಮತ್ತೆ ನಿದ್ರೆಹೋದನು. ಎರಡನೆಯ ಬಾರಿಯೂ ದೂತನು ಹಾಗೆಯೇ ಮಾಡಿದನು. ಹೋರೇಬ್ ಬೆಟ್ಟದ ಪ್ರಯಾಣ, ದೇವರ ಮೆಲುದನಿ ಇವೆಲ್ಲ ಆಮೇಲಿನ ಮಾತು. ಮೊದಲು ಊಟ, ನಿದ್ರೆ, ಪುನಃ ಊಟ.

ದ್ವಿತೀಯ ಜಾನ್ ಪಾಲ್ ಜಗದ್ಗುರುಗಳು 1992ರಲ್ಲಿ ವಿಶ್ವ ರೋಗಿಗಳ ದಿನವನ್ನು ಘೋಷಿಸಿ, ಮರುವರ್ಷದಿಂದ ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11ರಂದು ಅದನ್ನು ಆಚರಿಸುವ ಕ್ರಮವಾಯಿತು. ಅಂದು ನಮ್ಮ ಇಗರ್ಜಿಗಳಲ್ಲಿ ರೋಗಿಗಳನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ ತೈಲಾಭ್ಯಂಗ ನೀಡಲಾಗುತ್ತದೆ. ಗಾಲಿಕುರ್ಚಿಯ ಹಿಂದೆ ನಿಂತವರನ್ನೂ ಆ ದಿನ ಹೆಸರು ಹಿಡಿದು ಕರೆದು ಆಶೀರ್ವದಿಸಿದರೆ ಪೂಜೆಯ ಅವಧಿ ಐದು ನಿಮಿಷ ಹೆಚ್ಚಾದೀತು, ಅಷ್ಟೇ. ಅಂದೇ ಇಗರ್ಜಿಯ ಜಗಲಿಯಲ್ಲಿ ದಾದಿಯೊಬ್ಬರು ಕುಳಿತು ಅವರ ರಕ್ತದೊತ್ತಡವನ್ನು ನೋಡಿದರೆ ಇನ್ನೂ ಒಳ್ಳೆಯದು. ದಾದಿಯರಿಗೆ ನಮ್ಮ ಸಮುದಾಯದಲ್ಲಿ ಬರವಿಲ್ಲವಲ್ಲ!

ಜಪಸರ ಮತ್ತು ಉಸಿರು

ಒತ್ತಡವನ್ನು ಇಳಿಸುವ ಉಪಾಯಗಳ ವಿಷಯಕ್ಕೆ ಬಂದರೆ, ನಮ್ಮ ಮನೆಯಲ್ಲೇ ಇರುವ ಒಂದನ್ನು ಮೊದಲು ಹೇಳಬೇಕು. ಇಟಲಿಯ ಪಾವಿಯ ವಿಶ್ವವಿದ್ಯಾಲಯದ ಲೂಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರ ಡಿಸೆಂಬರಿನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದ ಅಧ್ಯಯನವೊಂದು, 23 ಮಂದಿ ಆರೋಗ್ಯವಂತರು ಜಪಸರದ ‘ಆವೆ ಮರಿಯಾ’ವನ್ನು ಲತೀನ್ ಭಾಷೆಯಲ್ಲಿ ಹೇಳುವಾಗ ಅವರ ಹೃದಯ, ರಕ್ತನಾಳಗಳಲ್ಲಿ ಏನಾಗುತ್ತದೆಂದು ಅಳೆದು ನೋಡಿತು. ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಜೊತೆಗೆ ಪರೀಕ್ಷಿಸಲಾಯಿತು. ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯದ ಲಯವೂ ರಕ್ತನಾಳಗಳ ಲಯವೂ ಒಂದಕ್ಕೊಂದು ಹೊಂದಿಕೊಂಡವು. ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ನರಗಳ ಸೂಕ್ಷ್ಮತೆ ಹೆಚ್ಚಿತು. ಕಾರಣ ಸರಳ. ಮುಂದಾಳು ಮೊದಲ ಅರ್ಧವನ್ನು ಹೇಳುವಾಗ ಉಳಿದವರು ಉಸಿರು ಒಳಗೆಳೆಯುತ್ತಾರೆ, ಉಳಿದರ್ಧವನ್ನು ತಾವು ಹೇಳುವಾಗ ಉಸಿರು ನಿಧಾನವಾಗಿ ಹೊರಹೋಗುತ್ತದೆ. ಒಂದು ಸುತ್ತಿಗೆ ಹತ್ತು ಸೆಕೆಂಡು.

ನಮ್ಮ ಮನೆಗಳಲ್ಲಿ ಇದು ಹೇಗೆ ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತಿದೆ. ಟಿವಿ ಧಾರಾವಾಹಿ ಆರಂಭವಾಗುವ ಮೊದಲು ಮುಗಿಸಬೇಕೆಂಬ ತವಕದಲ್ಲಿ, ಮುಂದಾಳು ಅರ್ಧ ದಾರಿಯಲ್ಲಿರುವಾಗಲೇ ಉಳಿದವರು ಉತ್ತರ ಆರಂಭಿಸಿರುತ್ತಾರೆ. ಅಂತಹ ಜಪಸರದಿಂದ ಮಾತೆ ಮರಿಯಮ್ಮನವರು ಪ್ರಸನ್ನರಾಗಬಹುದು, ನಮ್ಮ ರಕ್ತನಾಳಗಳು ಆಗಲಾರವು. ಪ್ರಾರ್ಥನೆಯನ್ನು ಔಷಧವನ್ನಾಗಿ ಮಾಡುವ ಉದ್ದೇಶ ಇಲ್ಲಿಲ್ಲ. ಅದು ದೇವರೊಂದಿಗಿನ ಮಾತುಕತೆ. ಈ ಅಧ್ಯಯನ ಆರೋಗ್ಯವಂತರ ಮೇಲೆ ಅಲ್ಪಕಾಲ ನಡೆದುದು, ಆದುದರಿಂದ ಜಪಸರ ಹಿಡಿದು ರಕ್ತದೊತ್ತಡದ ಮಾತ್ರೆ ಬಿಡುವುದು ಸರ್ವಥಾ ಸಲ್ಲದು. ಆದರೂ ರಾತ್ರಿ ಮೂರನೆಯ ಸಲ ಎದ್ದು ಮತ್ತೆ ನಿದ್ರೆ ಹತ್ತದೆ ಹೊರಳುವವರು, ಒಂದು ಹತ್ತರ ಜಪವನ್ನು ನಿಧಾನವಾಗಿ, ಮೊದಲರ್ಧವನ್ನು ಮನಸ್ಸಿನಲ್ಲಿ ಉಸಿರೆಳೆಯುತ್ತಲೂ ಉಳಿದರ್ಧವನ್ನು ಪಿಸುಮಾತಿನಲ್ಲಿ ಉಸಿರು ಬಿಡುತ್ತಲೂ ಹೇಳಿ ನೋಡಬಹುದು.

ದಿನಕ್ಕೆ ಅರ್ಧ ಗಂಟೆಯ ಬಿರುಸಿನ ನಡಿಗೆ, ಸಂಜೆಯ ಬಳಿಕ ಕಾಫಿ ಚಹಾ ಬಿಡುವುದು, ಮಧ್ಯಾಹ್ನ ರೋಗಿ ಮಲಗಿದಾಗ ಬಟ್ಟೆ ಒಗೆಯುವ ಬದಲು ತಾನೂ ಮಲಗುವುದು ಇವು ಎಲ್ಲರೂ ಹೇಳುವ ಮಾತುಗಳೇ. ಪುರುಷರಿಗೆ ಇನ್ನೊಂದನ್ನು ಸೇರಿಸಬೇಕು. ಹೆತ್ತವರನ್ನು ನೋಡಿಕೊಳ್ಳುವ ಗಂಡುಮಕ್ಕಳೂ ನಮ್ಮಲ್ಲಿದ್ದಾರೆ. ಅವರಲ್ಲಿ ಕೆಲವರು ದಿನದ ಭಾರವನ್ನು ರಾತ್ರಿಯ ಎರಡು ಪೆಗ್ಗಿನಲ್ಲಿ ಇಳಿಸಿಕೊಳ್ಳುತ್ತಾರೆ. ಮದ್ಯ ಬೇಗನೆ ನಿದ್ರೆ ತರಿಸಿ, ನಡುರಾತ್ರಿಯ ಬಳಿಕ ಅದೇ ನಿದ್ರೆಯನ್ನು ಒಡೆಯುತ್ತದೆ, ರಕ್ತದೊತ್ತಡವನ್ನೂ ಏರಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಔಷಧ ಕೈಬದಲು. ಪರದೇಶದಲ್ಲಿರುವ ಸೋದರರು ತಿಂಗಳು ತಿಂಗಳು ಹಣ ಕಳುಹಿಸುತ್ತಾರೆ, ವಿಡಿಯೋ ಕರೆಯಲ್ಲಿ ಅಮ್ಮನ ಮುಖ ನೋಡಿ, ಗಂಜಿಗೆ ತುಪ್ಪ ಹಾಕಿದ್ದೀರಾ ಎಂದು ವಿಚಾರಿಸುತ್ತಾರೆ. ಅವರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ರಜೆಯಲ್ಲಿ ಊರಿಗೆ ಬಂದಾಗ ಮದುವೆ, ನಾಮಕರಣ, ರೊಸಾರಿಯೆಂದು ತಿರುಗಾಡುವ ಬದಲು ಹತ್ತು ರಾತ್ರಿ ಅಮ್ಮನ ಕೋಣೆಯಲ್ಲಿ ತಾವು ಮಲಗಿ, ಅತ್ತಿಗೆಯನ್ನು ಆಕೆಯ ತವರಿಗೆ ಕಳುಹಿಸಿಕೊಟ್ಟರೆ, ಅದು ಕಳುಹಿಸಿದ ಹಣಕ್ಕಿಂತ ದೊಡ್ಡ ಉಪಕಾರವಾದೀತು. ಮರೆಗುಳಿ ರೋಗಿಗಳಿರುವ ಮನೆಯವರಿಗೆ 1992ರಲ್ಲಿ ಕೇರಳದಲ್ಲಿ ಹುಟ್ಟಿದ ಭಾರತೀಯ ಅಲ್ಜೈಮರ್ ಸಂಸ್ಥೆ ಮಾರ್ಗದರ್ಶನ ನೀಡುತ್ತದೆ. ಮನಸ್ಸಿನ ಭಾರ ತಡೆಯಲಾಗದಷ್ಟಾದಾಗ, ಅಳು ನಿಲ್ಲದಾದಾಗ, ಬದುಕು ಬೇಡವೆನಿಸಿದಾಗ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಈ ಸರಕಾರಿ ಸೇವೆ ಉಚಿತ, ಕನ್ನಡದಲ್ಲಿಯೂ ದೊರೆಯುತ್ತದೆ. ಅದು ವಿಶ್ವಾಸದ ಕೊರತೆಯ ಲಕ್ಷಣವಲ್ಲ, ಕಾಲು ಮುರಿದಾಗ ಆಸ್ಪತ್ರೆಗೆ ಹೋಗುವಂತೆಯೇ.

ಆ ಮನೆಯ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ವೈದ್ಯರು ಮಾತ್ರೆ ಬರೆದುಕೊಟ್ಟರು, ಗಾಯಕ್ಕೆ ಮುಲಾಮು ಕೊಟ್ಟರು. ನಿದ್ರೆಯನ್ನು ಮಾತ್ರ ತಾವು ಬರೆದುಕೊಡಲಾರೆವು ಎಂದರು. ಈ ಮಾತನ್ನು ಗುರುಗಳು ವಾರ್ಡಿನ ಗುರಿಕಾರರಿಗೆ ತಿಳಿಸಿದರು. ಪೂಜೆಯ ಬಳಿಕ ಇಗರ್ಜಿಯ ಅಂಗಳದಲ್ಲಿ ನಡೆದ ಹತ್ತು ನಿಮಿಷಗಳ ಮಾತುಕತೆಯಲ್ಲಿ ನಾಲ್ವರು ಮಹಿಳೆಯರು ಮುಂದೆ ಬಂದರು. ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಸರದಿಯಂತೆ ಒಬ್ಬರು ಆ ಮನೆಯಲ್ಲಿ ಕುಳಿತುಕೊಳ್ಳುವುದೆಂದು ನಿರ್ಧಾರವಾಯಿತು.

ಆಕೆ ಸುಲಭವಾಗಿ ಒಪ್ಪಲಿಲ್ಲ. ತನ್ನ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತಾಗುತ್ತದೆ, ಊರಿನವರು ಏನೆಂದುಕೊಳ್ಳುವರು, ಮಾಂಯ್ ಬೇರೆಯವರ ಕೈಯಿಂದ ನೀರು ಕುಡಿಯಲಾರರು ಎಂದೆಲ್ಲ ಹೇಳಿದಳು. ಮೊದಲ ಮಂಗಳವಾರ ಆ ಎರಡು ಗಂಟೆಗಳನ್ನು ಬಂದಾಕೆಗೆ ಚಹಾ ಮಾಡುವುದರಲ್ಲಿಯೂ ಹಿತ್ತಲು ಗುಡಿಸುವುದರಲ್ಲಿಯೂ ಕಳೆದಳು. ಎರಡನೆಯ ವಾರ ಹಾಗೆಯೇ ಚಾಪೆಯ ಮೇಲೆ ಒರಗಿದವಳು ಸಂಜೆಯ ಗಂಟೆ ಬಾರಿಸುವ ತನಕ ಎಚ್ಚರಗೊಳ್ಳಲಿಲ್ಲ. ಬಂದಾಕೆ ಎಬ್ಬಿಸದೆ, ಮನೆಗೆ ಫೋನು ಮಾಡಿ, ಅಲ್ಲಿಯೇ ಕುಳಿತಿದ್ದಳು.

ಮೂರು ತಿಂಗಳ ಬಳಿಕ ನಾವು ಹೋದಾಗ ಮುಂಗೈಯಲ್ಲಿ ಬಟ್ಟೆಯಿರಲಿಲ್ಲ. ಗಾಯವಿದ್ದೆಡೆ ನಸುಗೆಂಪಾದ ಕಲೆಯೊಂದಿತ್ತು. ರಕ್ತದೊತ್ತಡ ಮಾತ್ರೆಯೊಂದಿಗೆ ಹತೋಟಿಗೆ ಬಂದಿದೆ. ಅತ್ತೆಯ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಈಗ ಆಕೆಯ ಲೆಕ್ಕವೂ ಇದೆ. ಪರಮಪ್ರಸಾದ ನೀಡಿದ ಮೇಲೆ ಗುರುಗಳು ಗೋಡೆಯತ್ತ ತಿರುಗಿ, “ನೀವು ಹೇಗಿದ್ದೀರಿ?” ಎಂದು ಆಕೆಯನ್ನು ಕೇಳಿದರು. ಆಕೆ ಉತ್ತರಿಸುವ ಮೊದಲೇ ಮಂಚದಿಂದ ದೂರು ಬಂದಿತು. ಶುಕ್ರವಾರ ಬರುವಾಕೆಗೆ ಗಂಜಿಗೆ ಎಷ್ಟು ಉಪ್ಪು ಹಾಕಬೇಕೆಂಬುದು ಇನ್ನೂ ತಿಳಿದಿಲ್ಲವಂತೆ.